ಧಣಿಗಳಿಗೆ ರಾಜನ ಪಾಠ ಹೇಳಿದ ಮಾಸ್ಟ್ರು

ಗಲ್ಫಿನ ನಮ್ಮ ಕನ್ನಡ ಸಂಘದ ಹೊಸ ಕಾರ್ಯದರ್ಶಿ ಫೋನ್ ಮಾಡಿದ್ದ. "ಅಕ್ಕಾ, ಮಾಸ್ಟ್ರು ಊರಲ್ಲಿ ತೀರಿಹೋದ್ರಂತಲ್ಲ. ಈ ಸಲದ ಸ್ಮರಣ ಸಂಚಿಕೆಯಲ್ಲಿ ಅವರ ಬಗ್ಗೆ ಒಂದು ಪೇಜ್ ಹಾಕುವ ಅಂತ ಉಂಟು. ನಿಮಗೆ ಅವರ ಪರಿಚಯ ಚೆನ್ನಾಗಿತ್ತು, ನೀವೇ ಬರ್ದುಕೊಡ್ಬೇಕು." ನಾನು ಹ್ಞೂಂ ಎನ್ನುವಷ್ಟರಲ್ಲಿ ದನಿ ತಗ್ಗಿಸಿ, "ಹಳೇ ಗಲಾಟೆ ಎಲ್ಲ ಬೇಡ ಅಕ್ಕ, ಆಯ್ತಾ? ಸ್ವಲ್ಪ ಪಾಸಿಟಿವ್ ಆಗಿ ಇರ್ಲಿ" ಎಂದ.

ಪಾಸಿಟಿವ್ ಅಂತೆ! ಮನುಷ್ಯ ಬದುಕಿದ್ದಾಗ ಅವರ ಫೋನು ಎತ್ತದವರೆಲ್ಲ ಈಗ ಒಂದು ಪುಟ ಬಿಟ್ಟುಕೊಡಲು ಹೊರಟಿದ್ದಾರೆ. ಆ ಪುಟಕ್ಕೆ ನಾನು ಒಂದಕ್ಷರ ಕೊಡಲಿಲ್ಲ. ಇಲ್ಲಿ ಬರೆಯುತ್ತಿರುವುದು ನನ್ನ ಸಮಾಧಾನಕ್ಕೆ, ಸ್ವಲ್ಪ ಮಟ್ಟಿಗೆ ನನ್ನ ಹೊಟ್ಟೆಯುರಿಗೆ.

ಮಾಸ್ಟ್ರು ಅಬುಧಾಬಿಗೆ ಬರುವ ಮೊದಲು ಬಂಟ್ವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಯಾರೋ ಸಂಬಂಧಿಕರ ಕೈಕಾಲು ಹಿಡಿದು ಗಲ್ಫಿಗೆ ಬಂದರು. ಇಲ್ಲಿ ಅವರ ಕೆಲಸ ಅಬುಧಾಬಿ ಹೊರವಲಯದ ಮುಸಫ್ಫಾದ ಒಂದು ಸ್ಟೀಲ್ ಫ್ಯಾಬ್ರಿಕೇಶನ್ ಕಂಪನಿಯಲ್ಲಿ, ಕೆಲಸಗಾರರ ಕ್ಯಾಂಪು ನೋಡಿಕೊಳ್ಳುವುದು. ಯಾರಿಗೆ ಯಾವ ರೂಮು, ಯಾರ ಏಸಿ ಕೆಟ್ಟಿದೆ, ಯಾರಿಗೆ ಜ್ವರ, ಮೆಸ್ಸಿನಲ್ಲಿ ಅನ್ನ ಯಾಕೆ ಬೆಂದಿಲ್ಲ, ಇವೇ. ಆದರೂ ಬಿಹಾರದವರು, ಆಂಧ್ರದವರು, ನಮ್ಮ ಕರಾವಳಿಯವರು ಎಲ್ಲರ ಬಾಯಲ್ಲೂ ಅವರು ಮಾಸ್ಟ್ರೇ ಆಗಿ ಉಳಿದರು. ಅವರು ಕೂಡ ಬ್ಲ್ಯಾಕ್‌ಬೋರ್ಡು ಇಲ್ಲೆಲ್ಲೋ ಹಿಂದೆಯೇ ಇದೆ ಎನ್ನುವ ಹಾಗೆ ನಡೆದುಕೊಳ್ಳುತ್ತಿದ್ದರು. ಮಾತಾಡುವಾಗ ಎರಡು ಬೆರಳು ಸೇರಿಸಿ ಗಾಳಿಯಲ್ಲಿ ಬರೆಯುವರು. ತಪ್ಪಾಯಿತೆನಿಸಿದರೆ ಅಂಗೈಯಿಂದ ಗಾಳಿಯನ್ನೇ ಒರೆಸಿ ಮತ್ತೆ ಬರೆಯುವರು. ಒಮ್ಮೆ ಕಾರಿನಲ್ಲಿ ಹೀಗೆ ಒರೆಸುವಾಗ ನನ್ನ ಕನ್ನಡಕ ಕೆಳಗೆ ಬಿದ್ದಿತ್ತು.

ಕಾರು ನನ್ನದು. ನನ್ನ ಗಂಡ ಆಫ್‌ಶೋರ್ ಕೆಲಸದವರು, ತಿಂಗಳುಗಟ್ಟಲೆ ಸಮುದ್ರದ ಮೇಲೆ. ನಾನು ಮುಸಫ್ಫಾದ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿದ್ದೆ. ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯೂ ಆಗಿದ್ದರಿಂದ ಶುಕ್ರವಾರಗಳಲ್ಲಿ ದುಬೈಗೆ ಹೋಗಬೇಕಾಗುತ್ತಿತ್ತು. ಮಾಸ್ಟ್ರು ನನ್ನ ಪಕ್ಕದ ಸೀಟು, ಅವರ ಹೆಂಡತಿ ವಾರಿಜಕ್ಕ ಹಿಂದಿನ ಸೀಟು. ಮಾಸ್ಟ್ರಿಗೆ ಲೈಸೆನ್ಸ್ ಸಿಗಲೇ ಇಲ್ಲ. ಟೆಸ್ಟಿಗೆ ಹೋದಾಗ ಪಕ್ಕದಲ್ಲಿ ಕೂತ ಪರೀಕ್ಷಕರು ಬೆಲ್ಟ್ ಹಾಕಿರಲಿಲ್ಲವಂತೆ. ಇವರು ಗಾಡಿ ಸ್ಟಾರ್ಟೇ ಮಾಡದೆ, ಮೊದಲು ತಾವು ಬೆಲ್ಟ್ ಹಾಕಿಕೊಳ್ಳಿ, ನಿಯಮ ಇಬ್ಬರಿಗೂ ಒಂದೇ ಎಂದರಂತೆ. ಪರೀಕ್ಷಕರು ಬೆಲ್ಟ್ ಹಾಕಿಕೊಂಡರು, ಇವರನ್ನು ಫೇಲ್ ಮಾಡಿದರು. "ಹಾಕಿಕೊಂಡ್ರಲ್ಲ, ಅಷ್ಟು ಸಾಕು" ಎಂದು ಮಾಸ್ಟ್ರಿಗೆ ಖುಷಿ. "ಇಂಥವರನ್ನು ಕಟ್ಟಿಕೊಂಡು ನಾನು ಜೀವನ ಮಾಡ್ಬೇಕು" ಎಂದು ವಾರಿಜಕ್ಕ ಹಿಂದಿನಿಂದ ನಗುವರು.

ದಾರಿಯಲ್ಲಿ ಪೆಟ್ರೋಲ್ ಪಂಪಿನ ಕೆಫೆಟೇರಿಯಾದಲ್ಲಿ ಕರಕ್ ಚಾ ಕುಡಿಯಲು ನಿಲ್ಲಿಸುವುದು ಕಡ್ಡಾಯ. ಅಲ್ಲಿ ಕೂತು ಅವರು ನನಗೆ ಎಷ್ಟು ಸಲ ಸರ್ಕಾರ ಕಟ್ಟಿ ತೋರಿಸಿದ್ದಾರೋ! ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಇಡುವರು. "ಇದು ರಾಜ. ದೇಶಕ್ಕೆ ಮುಖ್ಯಸ್ಥ. ಮೆರವಣಿಗೆ ಇವನದ್ದು, ನೋಟಿನ ಮೇಲಿನ ಪಟ ಇವನದ್ದು. ಆದ್ರೆ ಸರ್ಕಾರ ನಡೆಸುದು ಈ ಸಕ್ಕರೆ ಡಬ್ಬಿ, ಪ್ರಧಾನಿ. ಈ ಲೋಟಗಳೆಲ್ಲ ಮಂತ್ರಿಗಳು. ಇವರು ಕೂತು ತೀರ್ಮಾನ ಮಾಡ್ತಾರೆ, ರಾಜ ಒಪ್ತಾನೆ. ಅವನು ಸಲಹೆ ಹೇಳ್ಬಹುದು, ಬೇಡ ಅಂತ ಹಟ ಹಿಡೀಲಿಕ್ಕೆ ಇಲ್ಲ."

"ಪಾರ್ಲಿಮೆಂಟ್ ಎಲ್ಲುಂಟು ಮಾಸ್ಟ್ರೇ?" ನಾನು ಬೇಕೆಂದೇ ಕೇಳುವೆ.

"ನೀವು, ನಾನು, ವಾರಿಜ, ಆ ಮೇಜಿನಲ್ಲಿ ಕೂತ ಪಠಾಣರು. ನಾವು ಮುನಿಸಿಕೊಂಡ್ರೆ ಸಕ್ಕರೆ ಡಬ್ಬಿಯೂ ಹೋಯ್ತು, ಲೋಟಗಳೂ ಹೋಯ್ತು. ರಾಜ ಅಲ್ಲೇ ಇರ್ತಾನೆ. ಅವನಿಗೆ ಹೋಗುವ ಭಯ ಇಲ್ಲ, ನಮಗೆ ಅವನ ಭಯ ಇಲ್ಲ."

"ಸಕ್ಕರೆ ಇಲ್ಲಿ ಕೊಡಿ, ಚಾ ತಣೀತು" ಎಂದು ವಾರಿಜಕ್ಕ ಪ್ರಧಾನಿಯನ್ನೇ ಎತ್ತಿಕೊಳ್ಳುವರು.

ನಮ್ಮದು ರಾಜನೇ ಇಲ್ಲದ ದೇಶ, ನಿಮಗೆ ಇಂಗ್ಲೆಂಡು, ಜಪಾನುಗಳ ಮೇಲೆ ಯಾಕಿಷ್ಟು ಮೋಹ ಎಂದು ನಾನೊಮ್ಮೆ ಛೇಡಿಸಿದ್ದೆ. ಅವರು ನಗಲಿಲ್ಲ. "ಕತ್ತು ಕಡಿದು ರಾಜನನ್ನು ಮುಗಿಸ್ಲಿಕ್ಕೆ ಯಾರಿಂದಲೂ ಆಗ್ತದೆ. ಅವನನ್ನು ಅವನ ಕುರ್ಚಿಯಲ್ಲೇ ಕೂರಿಸಿ, ನಮಸ್ಕಾರ ಮಾಡ್ತಾ ಮಾಡ್ತಾ ಅಧಿಕಾರ ಮಾತ್ರ ತೆಗೆದುಕೊಳ್ಳುದು ಉಂಟಲ್ಲ, ಅದಕ್ಕಿಂತ ಮರ್ಯಾದಸ್ಥ ಕೆಲಸ ಮನುಷ್ಯ ಮಾಡ್ಲಿಲ್ಲ" ಎಂದರು. ನನಗೆ ಆಗ ಈ ಮಾತು ಬಹಳ ಹಿಡಿಸಿತ್ತು. ಈಗ ನೆನೆದರೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಹೇಳುವುದು ಕಷ್ಟ.

ಇದು ಬರೀ ಬಾಯಿಮಾತಲ್ಲ. ಕ್ಯಾಂಪಿನ ಮೆಸ್ಸಿನಲ್ಲಿ ಬೇಳೆ ನೀರಾಗಿದೆ ಎಂದು ದೊಡ್ಡ ಗಲಾಟೆಯಾಯಿತು. ಬೇರೆಯವರಾಗಿದ್ದರೆ ನಾಲ್ಕು ಜನರಿಗೆ ವಾರ್ನಿಂಗ್ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು. ಮಾಸ್ಟ್ರು ಚುನಾವಣೆ ಮಾಡಿಸಿದರು! ರೂಮಿಗೊಬ್ಬ ಪ್ರತಿನಿಧಿ, ಅವರೆಲ್ಲ ಸೇರಿ ಆರಿಸಿದ ಒಬ್ಬ ಮೆಸ್ ಮುಖ್ಯಸ್ಥ. ಮೊದಲು ಬಂದವನು ಆಂಧ್ರದ ವೆಲ್ಡರ್. ಎಲ್ಲದಕ್ಕೂ ಹುಣಿಸೆಹುಳಿ ಹಾಕಿಸಿದ. ಬಿಹಾರದವರು ಅವಿಶ್ವಾಸ ತಂದರು. "ಸರ್ಕಾರ ಬಿತ್ತು ಮಾರಾಯ್ರೆ!" ಎಂದು ಮಾಸ್ಟ್ರು ನನ್ನ ಕ್ಲಿನಿಕ್ಕಿಗೇ ಫೋನ್ ಮಾಡಿದರು. "ಒಂದು ಪೆಟ್ಟಿಲ್ಲ, ಒಂದು ಬೈಗುಳ ಇಲ್ಲ. ಸೌಟು ಕೆಳಗಿಟ್ಟು ಹೋಗಿ ಲೈನಿನಲ್ಲಿ ನಿಂತ!" ಅಲ್ಲಿ ರಾಜ ಯಾರು ಎಂದು ಕೇಳಿದೆ. "ನಾನೇ. ದಿನಾ ಹೋಗಿ ರುಚಿ ನೋಡ್ತೇನೆ, ಚೆನ್ನಾಗುಂಟು ಅಂತೇನೆ, ಬರ್ತೇನೆ."

ಇನ್ನು ಧಣಿಗಳ ವಿಷಯ. ಮಾಸ್ಟ್ರು ಕೆಲಸ ಮಾಡುತ್ತಿದ್ದ ಕಂಪನಿಯ ಮಾಲಕರನ್ನು ನಾವೆಲ್ಲ ಕರೆಯುತ್ತಿದ್ದುದು ಹಾಗೆಯೇ. ದುಬೈಯ ಮಿರ್ದಿಫಿನಲ್ಲಿ ಅವರ ವಿಲ್ಲಾ. ನಮ್ಮ ಕನ್ನಡ ಸಂಘ ಶುರುವಾದದ್ದು ಅವರ ಹಾಲಿನಲ್ಲೇ. ಸಂಘದಲ್ಲಿ ಅವರಿಗೆ ಮಹಾಪೋಷಕರು ಎಂಬ ಪಟ್ಟ. ಗಲ್ಫಿನಲ್ಲಿ ಇದೊಂದು ರೂಢಿ, ಸಂಘ ಇದ್ದಲ್ಲಿ ಪೋಷಕರು, ಮಹಾಪೋಷಕರು, ಗೌರವ ಮಹಾಪೋಷಕರು, ಅವರಿಗೆ ವರ್ಷವಿಡೀ ಪೇಟ, ಶಾಲು, ಹಾರ. ಕೆಟ್ಟವರು ಎಂದು ಯಾರೂ ಹೇಳುವ ಹಾಗಿಲ್ಲ ನಮ್ಮ ಧಣಿಗಳನ್ನು. ದನಿ ಏರಿಸಿ ಮಾತಾಡಿದ್ದು ನಾನು ಕೇಳಿಲ್ಲ. ಊರಿಂದ ಮಾವಿನಹಣ್ಣು ತರಿಸಿದರೆ ಎಲ್ಲರ ಮನೆಗೂ ಕಳಿಸುವರು. ಸಂಘದವರಲ್ಲಿ ಮುಕ್ಕಾಲು ಪಾಲು ಜನ ಅವರ ಕಂಪನಿಯವರೇ, ಅಂದರೆ ಅವರು ಕೊಟ್ಟ ವೀಸಾದ ಮೇಲೆ ಈ ದೇಶದಲ್ಲಿ ಉಸಿರಾಡುವವರು.

ಮಾಸ್ಟ್ರು ಸಂಘದ ಅಧ್ಯಕ್ಷರಾದಾಗ ಧಣಿಗಳೇ ಹೇಳಿದರು, "ಒಂದು ಬೈಲಾ ಬರೀರಿ ಮಾಸ್ಟ್ರೇ. ಎಲ್ಲದಕ್ಕೂ ನನ್ನನ್ನು ಕೇಳ್ತಾರೆ, ನನಗೆ ಪುರುಸೊತ್ತಿಲ್ಲ." ಮಾಸ್ಟ್ರು ಕಾಯುತ್ತಿದ್ದದ್ದು ಇದಕ್ಕೇ. ಜನ್ಮವಿಡೀ ಕಲಿಸಿದ ಪಾಠವನ್ನು ಕಟ್ಟಿ ನೋಡುವ ಅವಕಾಶ! ಮಹಾಪೋಷಕರು ಸಂಘದ ಮುಖ್ಯಸ್ಥರು. ತೀರ್ಮಾನ ಸಮಿತಿಯದ್ದು, ಅಂಕಿತ ಮಹಾಪೋಷಕರದ್ದು. ಸಮಿತಿ ಉತ್ತರ ಹೇಳಬೇಕಾದದ್ದು ಮಹಾಸಭೆಗೆ, ಮಹಾಪೋಷಕರಿಗಲ್ಲ. ಮಹಾಸಭೆಗೆ ವಿಶ್ವಾಸ ಹೋದರೆ ಸಮಿತಿ ಇಳಿಯಬೇಕು. ಹೀಗೆಲ್ಲ ಬರೆದು ಮಿರ್ದಿಫಿಗೆ ಹೋಗಿ ಧಣಿಗಳಿಗೆ ವಿವರಿಸಿದರು. ಅಲ್ಲಿ ಉಪ್ಪಿನ ಡಬ್ಬಿ ಇರಲಿಲ್ಲ, ಖರ್ಜೂರದ ತಟ್ಟೆಯನ್ನೇ ರಾಜನನ್ನಾಗಿ ಮಾಡಿದರು.

ಧಣಿಗಳು ಶ್ರದ್ಧೆಯಿಂದ ಕೇಳಿದರು. ದಡ್ಡರಲ್ಲ ಅವರು. "ರಾಜ ಒಪ್ಪುದಿಲ್ಲ ಅಂದ್ರೆ ಎಂತ ಆಗ್ತದೆ?" ಎಂದು ಕೇಳಿದರು.

"ಹಾಗೆ ಹೇಳುವ ಪದ್ಧತಿ ಇಲ್ಲ."

"ಇಲ್ಲ ಅಂತ ಎಲ್ಲಿ ಬರೆದುಂಟು?"

"ಎಲ್ಲ ಬರೆದಿರುದಿಲ್ಲ ಧಣಿಗಳೇ. ತುಂಬ ವಿಷಯ ಪದ್ಧತಿಯ ಮೇಲೆ ನಡೀತದೆ. ರಾಜನಿಗೆ ತನ್ನ ಮರ್ಯಾದೆ ತನಗೆ ಗೊತ್ತಿರ್ತದೆ ಅಂತ ಒಂದು ನಂಬಿಕೆ."

ಧಣಿಗಳು ನಕ್ಕು ತಲೆಯಾಡಿಸಿದರು. ಮುಂದಿನ ಮಹಾಸಭೆಯಲ್ಲಿ ಬೈಲಾವನ್ನು ಓದಿದವರು ಯಾರೂ ಇರಲಿಲ್ಲ, ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ಮಾಸ್ಟ್ರು ಅದನ್ನು ಒಪ್ಪಿಗೆ ಎಂದು ತಿಳಿದರು.

ಅವತ್ತು ವಾಪಸು ಬರುವಾಗ ಕಾರಿನಲ್ಲಿ ವಾರಿಜಕ್ಕ ಮೊದಲ ಸಲ ಈ ವಿಷಯ ಎತ್ತಿದರು. "ನೋಡಿ, ಮಗಳದ್ದು ಹನ್ನೆರಡನೇ ಕ್ಲಾಸು ಮುಗಿಯುವವರೆಗೆ ನಾವು ಇಲ್ಲಿ ಇರ್ಲೇಬೇಕು. ಅಲ್ಲಿವರೆಗೆ ಧಣಿಗಳ ತಂಟೆಗೆ ಹೋಗ್ಬೇಡಿ. ಆಮೇಲೆ ನಿಮ್ಮ ರಾಜ್ಯ ಎಲ್ಲಿ ಬೇಕಾದ್ರೂ ಕಟ್ಟಿಕೊಳ್ಳಿ."

"ತಂಟೆ ಎಂತದು ಅದರಲ್ಲಿ? ಹುದ್ದೆ ಬೇರೆ, ಮನುಷ್ಯ ಬೇರೆ. ಆಫೀಸಿನಲ್ಲಿ ಅವರು ನನ್ನ ಧಣಿ. ಸಂಘದಲ್ಲಿ ರಾಜ."

"ಮತ್ತೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ? ಅದು ಧಣಿದಾ, ರಾಜಂದಾ?"

ಮಾಸ್ಟ್ರು ಗಾಳಿಯಲ್ಲಿ ಏನೋ ಬರೆಯಲು ಕೈ ಎತ್ತಿದವರು ಹಾಗೇ ಇಳಿಸಿದರು. ಆ ಹೆಂಗಸು ಬೈಲಾ ಓದಿರಲಿಲ್ಲ. ಆದರೆ ಅದರಲ್ಲಿ ಎಲ್ಲಿ ತೂತು ಬಿದ್ದಿದೆ ಎಂದು ಹಿಂದಿನ ಸೀಟಿನಲ್ಲಿ ಕೂತೇ ಕಂಡುಬಿಟ್ಟಿದ್ದರು.

ಆದರೂ ಎರಡು ವರ್ಷ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ವಾರ್ಷಿಕೋತ್ಸವದಲ್ಲಿ ಧಣಿಗಳು ಓದುವ ಭಾಷಣವನ್ನು ಮಾಸ್ಟ್ರೇ ಬರೆದುಕೊಡುತ್ತಿದ್ದರು. ಇಂಗ್ಲೆಂಡಿನಲ್ಲಿ ಹೀಗೆಯೇ, ಸಿಂಹಾಸನದಿಂದ ಓದುವ ಮಾತು ಸರ್ಕಾರ ಬರೆದುಕೊಟ್ಟದ್ದು ಎಂದು ಅವರಿಗೆ ಪುಳಕ. ಧಣಿಗಳು ಪೇಟ ತೊಟ್ಟು ನಿಂತು, "ನನ್ನ ಸಮಿತಿಯು ಈ ವರ್ಷ ಮಕ್ಕಳಿಗೆ ಕನ್ನಡ ತರಗತಿ ನಡೆಸಲಿದೆ" ಎಂದು ಓದುವಾಗ ಮಾಸ್ಟ್ರು ಮೊದಲ ಸಾಲಿನಲ್ಲಿ ಕೂತು ತುಟಿ ಆಡಿಸುವರು. ಒಂದು ಪದ ಆಚೆ ಈಚೆ ಆಗಲಿಲ್ಲ ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳುವರು. ನಮ್ಮ ಸಮಿತಿಯ ಹಮೀದಾಕ, ದುಬೈಯ ದೇರಾದಲ್ಲಿ ಸ್ವಂತ ಬಟ್ಟೆ ಅಂಗಡಿ ಇದ್ದವರು, ಇದನ್ನೆಲ್ಲ ನೋಡಿ, "ಮಾಸ್ಟ್ರು ಆನೆಗೆ ಅಂಬಾರಿ ಕಟ್ಟಿ ತಾನೇ ಮಾವುತ ಅಂತ ತಿಳ್ಕೊಂಡಿದ್ದಾರೆ. ಆನೆಗೆ ಗೊತ್ತುಂಟಾ ಅದು?" ಎನ್ನುತ್ತಿದ್ದರು.

ಮಗಳು ಹನ್ನೆರಡಕ್ಕೆ ಬಂದ ವರ್ಷವೇ ರಾಜ್ಯೋತ್ಸವದ ಪ್ರಶ್ನೆ ಎದ್ದಿತು. ಸಮಾರಂಭ ಮುಸಫ್ಫಾದ ಶಾಲೆಯ ಹಾಲಿನಲ್ಲಿ ಆಗಬೇಕು ಎಂದು ಸಮಿತಿ ತೀರ್ಮಾನಿಸಿತ್ತು. ಅಲ್ಲಾದರೆ ಕ್ಯಾಂಪಿನ ಹುಡುಗರು ನಡೆದು ಬರಬಹುದು. ಅವರಲ್ಲಿ ಕೆಲವರು ಯಕ್ಷಗಾನದ ಒಂದು ತುಣುಕನ್ನು ಅಭ್ಯಾಸ ಮಾಡಿಟ್ಟಿದ್ದರು, ಶಿಫ್ಟು ಮುಗಿಸಿ ಬಂದು ಮೆಸ್ಸಿನ ಮೇಜುಗಳನ್ನು ಬದಿಗೆ ತಳ್ಳಿ. ಅಷ್ಟರಲ್ಲಿ ಊರಿನಿಂದ ಯಾರೋ ಮಂತ್ರಿ ಬರುತ್ತಾರೆ, ಕಂಪನಿಯ ವಾರ್ಷಿಕ ಸಂಭ್ರಮವನ್ನೂ ಜೊತೆಗೆ ಸೇರಿಸಿ ದುಬೈಯ ದೊಡ್ಡ ಹೋಟೆಲಿನಲ್ಲಿ ಮಾಡಬೇಕು ಎಂಬ ಮಾತು ತೇಲಿ ಬಂತು. ತಂದವನು ಪ್ರವೀಣ. ಕಂಪನಿಯ ಎಚ್.ಆರ್. ಮ್ಯಾನೇಜರ್, ಸಂಘದ ಪ್ರಧಾನ ಕಾರ್ಯದರ್ಶಿ. ಅವನನ್ನು ಪುತ್ತೂರಿನಿಂದ ಈ ಕಂಪನಿಗೆ ಕರೆಸಿದ್ದೇ ಮಾಸ್ಟ್ರು, ಹೈಸ್ಕೂಲಿನಲ್ಲಿ ಅವರ ಶಿಷ್ಯ.

"ಧಣಿಗಳು ಹೇಳಿದ್ದಾ?" ಮಾಸ್ಟ್ರು ಕೇಳಿದರು.

"ಅವರು ಬಾಯಿ ಬಿಟ್ಟು ಹೇಳ್ತಾರಾ ಸರ್? ಮನಸ್ಸಿನಲ್ಲಿ ಉಂಟು ಅವರಿಗೆ. ನಾವೇ ತಿಳ್ಕೊಳ್ಬೇಕು."

"ಹಾಗಾದ್ರೆ ಅದು ಸಲಹೆ. ಸಮಿತಿ ಕೇಳಿಸಿಕೊಂಡಿದೆ. ತೀರ್ಮಾನ ಬದಲಾಗುದಿಲ್ಲ."

"ಸರ್, ಕಾಲ ಹಾಗಿಲ್ಲ ಸರ್..."

"ಕ್ಯಾಂಪಿನವರು ಹೋಟೆಲಿಗೆ ಬರ್ಲಿಕ್ಕೆ ಆಗ್ತದಾ ಪ್ರವೀಣ? ಅಷ್ಟು ಹೇಳು."

ವಾರದೊಳಗೆ ಮಿರ್ದಿಫಿನ ವಿಲ್ಲಾದಲ್ಲಿ ತುರ್ತು ಮಹಾಸಭೆ ಸೇರಿತು. ಕ್ಯಾಂಪಿನ ಸದಸ್ಯರನ್ನು ಸಭೆಗೆ ಕರೆತರುವ ಕಂಪನಿ ಬಸ್ಸು ಅವತ್ತೇ ರಿಪೇರಿಗೆ ಹೋಯಿತು. ಯಾರಿಗಾಗಿ ಇಷ್ಟೆಲ್ಲ ಜಗಳವೋ ಅವರಲ್ಲಿ ಒಬ್ಬರೂ ಇರಲಿಲ್ಲ.

ಆ ಸಭೆಯಲ್ಲಿ ಧಣಿಗಳು ಈ ವಿಷಯದ ಬಗ್ಗೆ ಒಂದೇ ಒಂದು ಮಾತೂ ಆಡಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಬದಿಯ ಸೋಫಾದಲ್ಲಿ ಕೂತಿದ್ದರು, ನಡುವೆ ಎದ್ದು ಎಲ್ಲರಿಗೂ ಜ್ಯೂಸು ಬಂತೇ ಎಂದು ವಿಚಾರಿಸಿದರು, ಮತ್ತೆ ಹೋಗಿ ಕೂತರು. ಮಾಸ್ಟ್ರು ಎದ್ದು ನಿಂತು ಸಮಿತಿಯ ತೀರ್ಮಾನ ಯಾಕೆ ಹಾಗೆ ಎಂದು ವಿವರಿಸಿದರು. ಕೊನೆಗೆ, "ಮಹಾಪೋಷಕರ ಮೇಲಿನ ಗೌರವಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮಗೆ ಸಮಿತಿಯ ಮೇಲೆ ವಿಶ್ವಾಸ ಉಂಟಾ ಇಲ್ವಾ, ಅಷ್ಟೇ ಪ್ರಶ್ನೆ. ಉಂಟು ಅನ್ನುವವರು ಕೈ ಎತ್ತಿ" ಎಂದರು.

ಮೂರು ಕೈ ಎದ್ದವು. ಒಂದು ನನ್ನದು, ಒಂದು ಹಮೀದಾಕನದ್ದು. ನಮ್ಮಿಬ್ಬರ ವೀಸಾ ಧಣಿಗಳದ್ದಲ್ಲ, ನಮಗೆ ಧೈರ್ಯ ಪುಕ್ಕಟೆ ಸಿಕ್ಕಿತ್ತು. ಮೂರನೆಯದು ವಾರಿಜಕ್ಕನದ್ದು. ತಂಟೆಗೆ ಹೋಗಬೇಡಿ ಎಂದು ಎರಡು ವರ್ಷ ಬೇಡಿಕೊಂಡ ಹೆಂಗಸು, ಸೆರಗು ಸರಿಮಾಡಿಕೊಂಡು ಕೈ ನೆಟ್ಟಗೆ ಮೇಲೆತ್ತಿ ಕೂತಿದ್ದರು. ಉಳಿದವರೆಲ್ಲ, ಮಾಸ್ಟ್ರ ಮನೆಯಲ್ಲಿ ಊಟ ಮಾಡಿದವರು, ತಮ್ಮ ಕಡೆಯ ಹುಡುಗರಿಗೆ ಅವರಿಂದ ಕ್ಯಾಂಪಿನಲ್ಲಿ ಒಳ್ಳೆಯ ರೂಮು ಕೊಡಿಸಿಕೊಂಡವರು, ಒಬ್ಬೊಬ್ಬರಾಗಿ ಸೋಫಾದ ಕಡೆ ನೋಡುತ್ತಿದ್ದರು. ಸೋಫಾದಿಂದ ಒಂದು ಸನ್ನೆಯೂ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ಥೂ, ಎಂಥ ಜನ ನಾವು! ಹೆದರಿಸಿದರೆ ಹೆದರುವುದು ಬೇರೆ. ಹೆದರಿಸುವವನಿಗೆ ಆ ಶ್ರಮವೂ ಬೇಡ ಎಂದು ನಾವೇ ಮುಂದಾಗಿ ಹೆದರಿಕೊಡುತ್ತೇವೆ. ಪ್ರವೀಣ ಎದ್ದು, ಇನ್ನು ಮುಂದೆ ಮಹಾಪೋಷಕರ ಇಚ್ಛೆಯೇ ಸಂಘದ ಇಚ್ಛೆ ಎಂದ. ಚಪ್ಪಾಳೆ ಬಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾಸ್ಟ್ರು ಮಾತ್ರ ಶಾಂತವಾಗಿ ಧಣಿಗಳ ಬಳಿ ಹೋಗಿ, ಎರಡೂ ಕೈಯಿಂದ ರಾಜೀನಾಮೆ ಕೊಟ್ಟು, ತಲೆಬಾಗಿ ಬಂದರು. ಕಾರಿನಲ್ಲಿ ಅವರ ಮುಖದಲ್ಲಿ ಒಂದು ರೀತಿಯ ತೃಪ್ತಿಯೂ ಇತ್ತು. "ಪದ್ಧತಿ ಪ್ರಕಾರವೇ ಆಯ್ತಲ್ಲ. ಸೋತ ಪ್ರಧಾನಿ ಎದುರಿನ ಬೆಂಚಿನಲ್ಲಿ ಕೂತ್ಕೊಳ್ತಾನೆ. ವಿರೋಧ ಪಕ್ಷಕ್ಕೂ ಒಂದು ಮರ್ಯಾದೆ ಉಂಟು. ರಾಜನಿಗೆ ನಿಷ್ಠವಾದ ವಿರೋಧ ಪಕ್ಷ ಅಂತಲೇ ಹೇಳುದು ಅದನ್ನು."

"ಎದುರಿನ ಬೆಂಚು ಎಲ್ಲುಂಟು ಮಾಸ್ಟ್ರೇ?" ಎಂದೆ ನಾನು. ಈ ಸಲ ಛೇಡಿಸಲಿಕ್ಕಲ್ಲ.

ರಾಜ್ಯೋತ್ಸವ ದುಬೈಯ ಹೋಟೆಲಿನಲ್ಲಿ ನಡೆಯಿತು. ಮಂತ್ರಿ ಬರಲಿಲ್ಲ, ಅವರ ಆಪ್ತ ಸಹಾಯಕರು ಬಂದರು. ಅದರ ಮರುವಾರ ಮಾಸ್ಟ್ರನ್ನು ಕರೆದು, ರಿಸ್ಟ್ರಕ್ಚರಿಂಗ್ ಆಗಿದೆ, ಕ್ಯಾಂಪ್ ಅಡ್ಮಿನ್ ಹುದ್ದೆ ಇನ್ನಿಲ್ಲ, ವೀಸಾ ಕ್ಯಾನ್ಸಲ್ ಎಂದು ತಿಳಿಸಲಾಯಿತು. ತಿಳಿಸಿದವನು ಪ್ರವೀಣನೇ. "ಸಾರಿ ಸರ್, ಮೇಲಿಂದ ಒತ್ತಡ ಎಂತದೂ ಇಲ್ಲ, ನಮ್ಮ ಡಿಪಾರ್ಟ್‌ಮೆಂಟಿನದ್ದೇ ತೀರ್ಮಾನ" ಎಂದನಂತೆ. ಅದೂ ನಿಜವೇ ಇರಬೇಕು. ದೇಶ ಬಿಡಲು ಗ್ರೇಸ್ ಅಂತ ಒಂದು ತಿಂಗಳು. ಮಗಳ ಪರೀಕ್ಷೆ ಮಾರ್ಚಿನಲ್ಲಿ.

ಆ ಹುಡುಗಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಸಿಟ್ ವೀಸಾ ಮಾಡಿಸಿ ನನ್ನ ಮನೆಯಲ್ಲಿಟ್ಟುಕೊಳ್ಳುತ್ತೇನೆಂದು ನಾನು ಓಡಾಡಿದೆ, ಶಾಲೆಯವರು ಒಪ್ಪಲಿಲ್ಲ. "ಇಟ್ಸ್ ಓಕೆ ಪಪ್ಪಾ, ಐ ವಿಲ್ ಮ್ಯಾನೇಜ್" ಎಂದು ಅವಳೇ ಅಪ್ಪನಿಗೆ ಸಮಾಧಾನ ಹೇಳಿದಳು. ಒಳಗೆ ಹೋಗಿ ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತದ್ದು ನಮಗೆಲ್ಲ ಕೇಳಿಸುತ್ತಿತ್ತು. ಒಂದು ವರ್ಷ ಕಳೆದು ಊರಲ್ಲಿ ಖಾಸಗಿಯಾಗಿ ಬರೆದಳು, ಅಂದುಕೊಂಡದ್ದು ಓದಲಾಗಲಿಲ್ಲ. ಮಾಸ್ಟ್ರು ಊರಿಗೆ ಹೋದ ಮೇಲೆ ಟ್ಯೂಷನ್ ಮಾಡಿದರು ಎಂದು ಕೇಳಿದೆ. ಗಣಿತ ಮಾತ್ರವಂತೆ, ಸಮಾಜ ವಿಜ್ಞಾನ ಕೇಳಿದವರಿಗೆ ಇಲ್ಲ ಎನ್ನುತ್ತಿದ್ದರಂತೆ.

ಆದರೆ ಅವರು ಹೊರಡುವ ಮೊದಲು ಇನ್ನೊಂದು ಸಲ ನಾವು ಮಿರ್ದಿಫಿಗೆ ಹೋಗಿದ್ದೆವು. ಮಾಸ್ಟ್ರಿಗೆ ಮನಸ್ಸಿರಲಿಲ್ಲ. "ನೀವು ಬಂದು ಕೇಳ್ಬೇಕು. ಮಾರ್ಚಿನವರೆಗೆ ಆ ಕ್ಯಾನ್ಸಲೇಷನ್ ನಿಲ್ಲಿಸಿ ಅಂತ, ಅಷ್ಟೇ. ಅವರ ಒಂದು ಮಾತು ಸಾಕು" ಎಂದು ವಾರಿಜಕ್ಕ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. ದಾರಿಯಲ್ಲಿ ಯಾರೂ ಚಾ ಕುಡಿಯೋಣ ಎನ್ನಲಿಲ್ಲ.

ಧಣಿಗಳು ಬಾಗಿಲವರೆಗೆ ಬಂದು ಕರೆದುಕೊಂಡು ಹೋದರು. ಖರ್ಜೂರ, ಕಾಫಿ ಬಂತು. ಕೊನೆಗೆ ಮಾತು ತೆಗೆದದ್ದು ವಾರಿಜಕ್ಕ. ಮಗಳ ಪರೀಕ್ಷೆ, ಮಾರ್ಚು, ಮೂರು ತಿಂಗಳ ಪ್ರಶ್ನೆ, ಸಂಬಳ ಬೇಡ, ವೀಸಾ ಒಂದು ಇರಲಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. "ನೀವು ಫೋನಿನಲ್ಲಿ ಒಂದು ಮಾತು ಹೇಳಿದ್ರೆ ನಿಲ್ತದೆ ಧಣಿಗಳೇ."

ಧಣಿಗಳು ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು, ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಆಮೇಲೆ ಮಾಸ್ಟ್ರ ಕಡೆ ತಿರುಗಿ ಮೆತ್ತಗೆ ಹೇಳಿದರು.

"ಮಾಸ್ಟ್ರೇ, ಕಂಪನಿಯಲ್ಲೂ ನಾನು ಈಗ ನಿಮ್ಮ ಪದ್ಧತಿಯನ್ನೇ ತಂದಿದ್ದೇನೆ. ಎಚ್.ಆರ್.ನವರು ಕೂತು ತೀರ್ಮಾನ ಮಾಡ್ತಾರೆ, ಫೈಲು ಬರ್ತದೆ, ನಾನು ಸೈನ್ ಹಾಕ್ತೇನೆ. ಇದಕ್ಕೂ ಹಾಕಿಯಾಗಿದೆ. ನನ್ನ ಮನಸ್ಸಿಗೆ ಬೇಜಾರಾಯ್ತು ಅಂತ ನಡುವೆ ಕೈ ಹಾಕಿ ತೀರ್ಮಾನ ತಿರುಗಿಸಿದ್ರೆ ಅದು ಸರಿ ಆಗ್ತದಾ? ನೀವೇ ಹೇಳಿ. ನೀವು ಸರಿ ಅಂದ್ರೆ ಈಗಲೇ ಫೋನ್ ಮಾಡ್ತೇನೆ."

ಫೋನು ಅವರ ಕೈಯಲ್ಲೇ ಇತ್ತು. ಒಂದೇ ಶಬ್ದ, ಮಾಸ್ಟ್ರೇ, ಹೇಳಿಬಿಡಿ ಎಂದು ಒಳಗೇ ಕೂಗಿಕೊಂಡೆ. ವಾರಿಜಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು. ಮಾಸ್ಟ್ರ ಬಲಗೈ ಒಮ್ಮೆ ಮೇಲೆದ್ದಿತು, ತೊಡೆಯ ಮೇಲೆ ಬಿತ್ತು.

"ಇಲ್ಲ" ಎಂದರು. "ಸರಿ ಆಗುದಿಲ್ಲ."

ಧಣಿಗಳು ತಲೆಯಾಡಿಸಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಕಾಫಿ ಇನ್ನಷ್ಟು ಹಾಕಲೇ ಎಂದು ಕೇಳಿದರು.

ಹೈವೇಗೆ ಬಂದ ಮೇಲೆ ಹಿಂದಿನ ಸೀಟಿನಿಂದ ವಾರಿಜಕ್ಕ ಕೇಳಿದರು, ಸಿಟ್ಟೂ ಇಲ್ಲದ, ಅಳುವೂ ಇಲ್ಲದ ಒಣ ದನಿಯಲ್ಲಿ.

"ಒಂದು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಮಗಳಿಗೋಸ್ಕರ, ಒಂದೇ ಒಂದು?"



"ಇಷ್ಟು ವರ್ಷ ಕಲಿಸಿದ್ದರಲ್ಲಿ ಪಾಠ ಸರಿಯಾಗಿ ಒಪ್ಪಿಸಿದ್ದು ಧಣಿಗಳೊಬ್ಬರೇ ವಾರಿಜ" ಎಂದರು ಮಾಸ್ಟ್ರು. "ತಪ್ಪು ಅಂತ ಹ್ಯಾಗೆ ಹೇಳುದು?"